ಹೊರಗಿನವರನ್ನು ಹುಡುಕಿ ಹೊರಟ ಹನ್ನೊಂದು ಮಂದಿ

ಲೋಕಕ್ಕೆ ಒಳ್ಳೆಯದು ಮಾಡಿಯೇ ತೀರುತ್ತೇವೆ ಎಂದು ಹಟ ತೊಟ್ಟು ಹೊರಟವರಿಗೆ ಇಂಥ ಫಜೀತಿಗಳು ಆಗುತ್ತಲೇ ಇರುತ್ತವೆ. ಮನೆಯಲ್ಲಿ ಕಾಲು ಚಾಚಿ ಮಲಗಿದವರಿಗೆ ಆಗುವುದಿಲ್ಲ. ನಾನು ಮಲಗುವ ಜಾತಿಯವಳೇ. ಆದರೆ ಎಪ್ಪತ್ತರ ದಶಕದ ಕೊನೆಯಲ್ಲಿ ಬಾಗಲಕೋಟೆಯ ಒಂದು ಸಾಲಿಯಲ್ಲಿ ಕನ್ನಡ ಕಲಿಸುವ ಅಕ್ಕೋರಾಗಿ ಸೇರಿದೆ. ನನ್ನ ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ ನಮ್ಮ ಚರ್ಚಿನ ಯುವಜನ ಸಂಘಕ್ಕೆ ನನ್ನನ್ನು ಕಾರ್ಯದರ್ಶಿ ಮಾಡಿದರು. ಸಂಘದಲ್ಲಿ ಇದ್ದವರು ಹನ್ನೊಂದು ಮಂದಿ. ಆ ಚರ್ಚು ಇದ್ದ ಓಣಿ ಈಗ ಹಿನ್ನೀರಿನ ಪಾಲಾಗಿದೆ, ಅಲ್ಲಿಯವರೆಲ್ಲ ನವನಗರಕ್ಕೆ ಬಂದಿದ್ದಾರೆ. ಹಾಗಾಗಿ ಈಗ ಹೇಳಿದರೆ ಯಾರ ಮಾನಕ್ಕೂ ಧಕ್ಕೆ ಇಲ್ಲ, ನನ್ನದೊಂದನ್ನು ಬಿಟ್ಟು.

ಕಮಿಟಿ

ನಮ್ಮ ಪಾದ್ರಿ ಸಾಹೇಬರು ಎಲ್ಲಿಯೋ ದೊಡ್ಡ ಸಭೆಗೆ ಹೋಗಿ ಬಂದವರು ಒಂದು ಭಾನುವಾರ ಘೋಷಿಸಿದರು. "ಯುವಕರು ಬರೇ ಒಳಗ ಕುಂತು ಹಾಡಿದ್ರ ಆಗೂದಿಲ್ಲ. ಹೊರಗಿನವರ ಕಡೆ ಹೋಗ್ರಿ. ಅವರ ಜೋಡಿ ಮಾತಾಡ್ರಿ. ಒಳಗ ಕರಕೊಂಡ ಬರ್ರಿ."

ಮಾತು ನಮ್ಮ ಮನಸ್ಸಿಗೆ ನಾಟಿತು. ನಾಟಿದ ಕೂಡಲೇ ಒಂದು ಕಮಿಟಿ ಮಾಡಿದೆವು. ಸಂಘದ ಅಧ್ಯಕ್ಷ ಒಂದು ಸರ್ಕಾರಿ ಕಚೇರಿಯ ಕ್ಲಾರ್ಕು. ಅವನಿಗೆ ಕಮಿಟಿ ಇಲ್ಲದೆ ಊಟವೂ ಸೇರುತ್ತಿರಲಿಲ್ಲ. ಹೊರಗಿನವರು ಅಂದರೆ ಯಾರು ಎಂದು ಚರ್ಚಿಸಲು ಮೂರು ಭಾನುವಾರ ಹಿಡಿಯಿತು. ನಾಲ್ಕನೆಯ ಭಾನುವಾರ ಚರ್ಚಿನ ಬಾಗಿಲು ಹಾಕಿಕೊಂಡು ಕೂತಿದ್ದೆವು. ಯಾರೋ ಬಾಗಿಲು ಬಡಿದರು. ಅಧ್ಯಕ್ಷ ಎದ್ದು ಹೋಗಿ ತೆರೆದ. ವರ್ಗವಾಗಿ ಊರಿಗೆ ಹೊಸದಾಗಿ ಬಂದ ಒಬ್ಬರು ಹೆಂಡತಿ, ಕೂಸು ಸಮೇತ ಬಿಸಿಲಲ್ಲಿ ನಿಂತಿದ್ದರು.

"ಒಳಗ ಬರಬಹುದೇನ್ರಿ?" ಎಂದು ಕೇಳಿದರು.

"ಜರಾ ಅಲ್ಲೇ ನಿಂದರ್ರಿ," ಅಂದ ನಮ್ಮ ಅಧ್ಯಕ್ಷ. "ಮೀಟಿಂಗ್ ನಡದೈತಿ. ಹೊರಗಿನವರನ್ನ ಹೆಂಗ ಒಳಗ ಕರೀಬೇಕಂತ ಮಾತಾಡಾಕತ್ತೇವಿ."

ಸಾಕ್ಷಿ

ಕಡೆಗೂ ಹೊರಬಿದ್ದೆವು. ಬಾಗಲಕೋಟೆಯಲ್ಲೇ ಮಾಡಿದರೆ ಪರಿಚಯದವರು ನೋಡಿ ನಗುತ್ತಾರೆಂದು ಹುನಗುಂದಕ್ಕೆ ಹೋಗುವುದು ಎಂದಾಯಿತು. ನಾಲ್ಕು ಮಂದಿ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಅಧ್ಯಕ್ಷ ತನ್ನ ಮೊದಲ ವಾಕ್ಯವನ್ನು ತುಟಿಯಲ್ಲೇ ಉರು ಹೊಡೆಯುತ್ತಿದ್ದ. ದೇವರು ನಮಗೆ ಮಾಡಿದ ಉಪಕಾರವನ್ನು ನಾಲ್ಕು ಜನರ ಮುಂದೆ ಹೇಳುವುದಕ್ಕೆ ನಮ್ಮ ಚರ್ಚಿನಲ್ಲಿ ‘ಸಾಕ್ಷಿ ಹೇಳುವುದು’ ಅನ್ನುತ್ತೇವೆ. ಹೊರಗೆ ಆ ಮಾತಿಗೆ ಬೇರೆ ಅರ್ಥವಿದೆ ಎಂದು ಕಮಿಟಿಯಲ್ಲಿ ಯಾರೂ ಎತ್ತಿರಲಿಲ್ಲ.

ಹುನಗುಂದದಲ್ಲಿ ಕೋರ್ಟಿನ ಎದುರಿಗೆ ಒಂದು ಚಾದಂಗಡಿ. ಅಲ್ಲಿ ದೊಡ್ಡ ರುಮಾಲಿನ ರೈತರೊಬ್ಬರು ಮುಖ ಸಣ್ಣ ಮಾಡಿಕೊಂಡು ಕೂತಿದ್ದರು. ದುಃಖದಲ್ಲಿರುವವರು ಬೇಗ ಕೇಳಿಸಿಕೊಳ್ಳುತ್ತಾರೆ ಎಂದು ಅಧ್ಯಕ್ಷ ನೇರವಾಗಿ ಅವರ ಎದುರಿಗೆ ಹೋಗಿ ಕೂತ.

"ಯಜಮಾನ್ರ, ನಾವು ಸಾಕ್ಷಿ ಹೇಳಾಕ ಬಂದೇವ್ರಿ."

ರೈತರ ಮುಖ ಅರಳಿತು. "ಬರ್ರಿ, ಬರ್ರಿ! ಏ, ಇವ್ರಿಗೆ ಚಾ ಕೊಡಪಾ! ನಮ್ಮ ವಕೀಲ್ರು ಕಳಿಸ್ಯಾರೇನ್ರಿ?"

"ಇಲ್ರಿ. ನಮ್ಮನ್ನ ಮ್ಯಾಲಿನವ ಕಳಿಸ್ಯಾನ."

"ಮ್ಯಾಲಿನ ಕೋರ್ಟಿನಿಂದ?" ಅವರು ಎರಡೂ ಕೈ ಜೋಡಿಸಿದರು. "ನಂದು ಹೊಲದ ಬದುವಿನ ತಂಟೆ ನೋಡ್ರಿ. ಬಾಜೂ ಹೊಲದವ ಬದುವು ಒತ್ತಿದ್ದು ನೀವು ಕಣ್ಣಾರೆ ನೋಡೀರಿ?"

ಅಧ್ಯಕ್ಷನ ತಲೆಯಲ್ಲಿ ಬೇರೆಯೇ ಪಾಠ ಓಡುತ್ತಿತ್ತು. "ಕಣ್ಣಾರೆ ನೋಡಿಲ್ರಿ. ನೋಡದನ ನಂಬೇವಿ."

"ಭಾಳ ಚಲೋ!" ಎಂದು ರೈತರು ಅವನ ಬೆನ್ನು ತಟ್ಟಿದರು. "ನೋಡದನ ಹೇಳೋ ಮಂದೀನ ನಾ ಹುಡುಕಾಕತ್ತಿದ್ದೆ. ಎದುರಿನವ ಅಂಥವರನ್ನ ನಾಲ್ಕು ಮಂದೀನ ತಂದು ಕುಂದರಿಸ್ಯಾನ. ನೀವೂ ಬರೋಬ್ಬರಿ ನಾಲ್ಕು ಮಂದಿ ಅದೀರಿ."

ಅಷ್ಟರಲ್ಲಿ ಎದುರಿನ ಕೋರ್ಟಿನಲ್ಲಿ ಜವಾನ ಹೊರಬಂದು ಹೆಸರು ಕೂಗಿದ. ರೈತರು ನಮ್ಮ ಅಧ್ಯಕ್ಷನ ರಟ್ಟೆ ಹಿಡಿದು ಎಬ್ಬಿಸಿದರು. ಅವನು ಏನು ಹೇಳಿದರೂ ಕೇಳುವ ಸ್ಥಿತಿಯಲ್ಲಿ ಅವರಿರಲಿಲ್ಲ. ರಟ್ಟೆ ಬಿಡಿಸಿಕೊಂಡು ಅಂಗಡಿಯ ಅಡಿಗೆಮನೆಯಿಂದ ಹಿಂದಿನ ಬಾಗಿಲಿಗೆ ಹಾಯ್ದು, ನಾವು ಬಸ್ ಸ್ಟ್ಯಾಂಡ್ ತಲುಪಿದ ವೇಗವನ್ನು ಪುಣ್ಯಕ್ಕೆ ಯಾರೂ ಅಳೆಯಲಿಲ್ಲ. ಹಿಂದಿನಿಂದ ಅವರ ದನಿ ಮಾತ್ರ ಕೇಳುತ್ತಿತ್ತು.

"ಹೆದರಬ್ಯಾಡ್ರೀ! ಅಡ್ಡ ಸವಾಲು ಕೇಳಿದ್ರ ‘ನೆನಪಿಲ್ಲ’ ಅಂದ್ರ ಮುಗೀತ್ರೀ!"

ಕರ್ಮಣಿ ಪ್ರಯೋಗ

ಮಾತಾಡಿದರೆ ತಾನೇ ಈ ತೊಂದರೆ? ಮುಂದಿನ ತಿಂಗಳು ಬಾಯಿ ಮುಚ್ಚಿಕೊಂಡು ಕರಪತ್ರ ಹಂಚುವುದೆಂದು ಕಮಿಟಿ ನಿರ್ಣಯಿಸಿತು. ಊರು ಬಾದಾಮಿ. ಗುಹೆ ನೋಡಲು ಬರುವ ಪ್ರವಾಸಿಗರು ದಂಡಿಯಾಗಿರುತ್ತಾರೆ. ಮೆಟ್ಟಿಲ ಬುಡದಲ್ಲಿ ಒಂದು ಚೀಲ ತುಂಬ ಕರಪತ್ರ ಇಟ್ಟುಕೊಂಡು ನಿಂತೆವು.

ಬಂದವರೆಲ್ಲ ನಮ್ಮನ್ನು ನೋಡಿ ಸರಿದು ಹೋಗುತ್ತಿದ್ದರು. ಒಬ್ಬರು ನಾನು ಔಷಧಿ ಮಾರುವವಳೆಂದು ತಿಳಿದು ಮೊಣಕಾಲು ನೋವಿಗೆ ಏನಿದೆ ಎಂದು ಕೇಳಿದರು. ಇನ್ನೊಬ್ಬರು ಒಂದು ಹಾಳೆ ತೆಗೆದುಕೊಂಡರು. ನನಗೆ ಕಣ್ಣಲ್ಲಿ ನೀರು ಬರುವಷ್ಟು ಖುಷಿಯಾಯಿತು. ಅವರು ಅದನ್ನು ಸುರುಳಿ ಸುತ್ತಿ, ಅದರೊಳಗೆ ಶೇಂಗಾ ಸುರಿದುಕೊಂಡು, "ಇನ್ನೊಂದು ಕೊಡ್ರಿ, ಸಿಪ್ಪಿ ಹಾಕಾಕ ಬೇಕು," ಅಂದರು.

ಆ ಶೇಂಗಾದ ವಾಸನೆಗೆ ಮಂಗಗಳು ಇಳಿದವು. ದಡೂತಿ ಮಂಗವೊಂದು ಶೇಂಗಾ ಬಿಟ್ಟು ನಮ್ಮ ಚೀಲಕ್ಕೇ ಕೈ ಹಾಕಿತು. ಅಧ್ಯಕ್ಷ ಚೀಲದ ಒಂದು ಕಿವಿ ಹಿಡಿದ. ಮಂಗ ಹಲ್ಲು ತೋರಿಸಿತು. ಅಧ್ಯಕ್ಷ ಕಿವಿ ಬಿಟ್ಟ. ಅದು ಚೀಲದ ಸಮೇತ ಬಂಡೆಯ ಮೇಲೆ ಹೋಗಿ ಕೂತು, ತಿನ್ನಲಿಕ್ಕೆ ಏನೂ ಇಲ್ಲವೆಂದು ಗೊತ್ತಾಗಿ, ಸಿಟ್ಟಿನಿಂದ ಒಂದೊಂದೇ ಹಾಳೆಯನ್ನು ಕೆಳಗೆ ಒಗೆಯತೊಡಗಿತು.

ಆಗ ನೋಡಬೇಕಾಗಿತ್ತು. ನಮ್ಮ ಕೈಯಿಂದ ಕೊಟ್ಟಾಗ ಮುಖ ತಿರುಗಿಸಿದ ಅದೇ ಜನ ಮಂಗ ಒಗೆದದ್ದನ್ನು ಹಾರಿ ಹಾರಿ ಹಿಡಿದರು. "ನನಗೂ ಒಂದು, ನನಗೂ ಒಂದು," ಎಂದು ನೂಕಾಡಿದರು. ಸಿಕ್ಕವರು ಅಲ್ಲೇ ಮೆಟ್ಟಿಲ ಮೇಲೆ ಕೂತು ಓದಿದರು. ಒಂದು ಹಾಳೆಯೂ ಉಳಿಯಲಿಲ್ಲ.

ಸಾಲಿಯಲ್ಲಿ ಮಕ್ಕಳಿಗೆ ಕರ್ಮಣಿ ಪ್ರಯೋಗ ಕಲಿಸುವಾಗ, "ಇದನ್ನ ಯಾಕ ಕಲೀಬೇಕ್ರಿ ಅಕ್ಕೋರ?" ಎಂದು ಕೇಳುತ್ತಿದ್ದರು. ಉತ್ತರ ನನಗೆ ಅವತ್ತು ಹೊಳೆಯಿತು. ವಾರ್ಷಿಕ ವರದಿಯಲ್ಲಿ ದುಂಡಗೆ ಬರೆದೆ: ‘ಬಾದಾಮಿಯಲ್ಲಿ ಎಲ್ಲ ಕರಪತ್ರಗಳೂ ಯಶಸ್ವಿಯಾಗಿ ಹಂಚಲ್ಪಟ್ಟವು.’

ಇಬ್ಬರಿಗೆ ಮುಟ್ಟಿತು

ಇಳಕಲ್ಲಿಗೆ ನಾನು ಮತ್ತು ಸಂಘದ ಇನ್ನೊಬ್ಬಳು, ಒಂದು ದವಾಖಾನೆಯ ನರ್ಸು, ಇಬ್ಬರೇ ಹೋದೆವು. ಹೆಣ್ಣುಮಕ್ಕಳು ಮನೆ ಮನೆಗೆ ಹೋಗಿ ಮಾತಾಡಲಿ ಎಂದು ಗಂಡಸರು ಧಾರಾಳವಾಗಿ ಒಪ್ಪಿಗೆ ಕೊಟ್ಟು ಮನೆಯಲ್ಲಿ ಉಳಿದರು.

ನೇಕಾರರ ಓಣಿಯ ಮೊದಲನೆಯ ಮನೆ. ಒಬ್ಬ ಅಜ್ಜಿ ಮಗ್ಗದ ಹತ್ತಿರ ಕೂತು ಸೀರೆಯ ಒಡಲಿನ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕಿ ಜೋಡಿಸುತ್ತಿದ್ದಳು. ಆ ಕೆಲಸಕ್ಕೆ ಜೊತೆಗೆ ಕೈ ಬೇಕು. ಅವತ್ತು ಸೊಸೆ ತವರಿಗೆ ಹೋಗಿದ್ದಳಂತೆ.

"ಅಜ್ಜಿ, ನಿಮಗೊಂದು ಮಾತು ಹೇಳಾಕ ಬಂದೇವಿ," ಎಂದೆ.

"ಹೇಳಿಯಂತ ಬಾರವ್ವಾ. ಮೊದಲ ಈ ತುದಿ ಹಿಡಿ. ಬಿಗಿ ಹಿಡೀಬೇಕು. ನೀ ಆ ಕಡೆ ಹಿಡಿಯವ್ವಾ."

ಹಿಡಿದೆವು. ಬಿಟ್ಟರೆ ಅಷ್ಟು ಹೊತ್ತಿನ ಕೆಲಸ ಹಾಳಾಗುತ್ತದೆ ಎಂದಳು, ಬಿಡುವಂತಿಲ್ಲ. ನಮ್ಮ ಮದುವೆ ಯಾಕೆ ಆಗಿಲ್ಲ, ಪಗಾರ ಸರಿಯಾಗಿ ಬರುತ್ತದೋ ಇಲ್ಲವೋ, ನರ್ಸು ಇಷ್ಟೊಂದು ಸೊರಗಿದ್ದು ಯಾಕೆ, ಎಲ್ಲ ವಿಚಾರಿಸಿಕೊಂಡಳು. ಮಧ್ಯಾಹ್ನ ಇಳಿದ ಮೇಲೆ ನಮ್ಮ ಕೈಗೆ ಬಿಡುಗಡೆ ಸಿಕ್ಕಿತು. ರೊಟ್ಟಿ, ಪುಂಡಿಪಲ್ಯ ಹಾಕಿ, ಎದುರಿಗೆ ಕೂತು ಬೇಡವೆಂದರೂ ಬಡಿಸಿದಳು. ಹೊರಡುವಾಗ ನನಗೆ ಬಂದ ಕೆಲಸ ನೆನಪಾಯಿತು.

"ಅಜ್ಜಿ, ಆ ಮಾತು ಹೇಳೂದು ಉಳೀತು ನೋಡ್ರಿ."

"ಏನವ್ವಾ ಅದು?"

"ಗುರುತು ಪರಿಚಯ ಇಲ್ಲದವರನ್ನೂ ನಮ್ಮವರಂಗ ಪ್ರೀತಿ ಮಾಡಬೇಕು, ಅಂತ."

ಅಜ್ಜಿ ನನ್ನನ್ನು ಕೆಳಗಿನಿಂದ ಮೇಲಿನ ತನಕ ನೋಡಿದಳು. "ಮತ್ತ ಇಷ್ಟೊತ್ತು ನಾ ಏನ ಮಾಡಿದೆನವ್ವಾ?"

ಸಂಜೆ ಪಾದ್ರಿ ಸಾಹೇಬರು ಚರ್ಚಿನ ಕಟ್ಟೆಯ ಮೇಲೆ ಕಾಯುತ್ತಿದ್ದರು. "ಹೆಂಗಾತು? ಎಷ್ಟು ಮಂದಿಗೆ ಮಾತು ಮುಟ್ಟಿತು?"

"ಇಬ್ಬರಿಗೆ ಮುಟ್ಟಿತ್ರಿ."

"ದೇವರಿಗೆ ಸ್ತೋತ್ರ! ಯಾರ್ಯಾರಿಗೆ?"

"ನನಗ, ಮತ್ತ ಈಕಿಗೆ."

ಒಬ್ಬೊಬ್ಬರು ಒಬ್ಬೊಬ್ಬರನ್ನ

ವರ್ಷದ ಕೊನೆಗೆ ಸುದ್ದಿ ಬಂತು: ನಮ್ಮ ಯುವಕರ ಸಾಧನೆ ನೋಡಲು ಧಾರವಾಡದ ಕಡೆಯಿಂದ ದೊಡ್ಡ ಪಾದ್ರಿಗಳು ಬರುತ್ತಾರಂತೆ. ನನ್ನ ದುಂಡನೆಯ ವರದಿಯನ್ನು ಓದಿ ಭಾಳ ಮೆಚ್ಚಿದ್ದರಂತೆ. ನಮ್ಮ ಪಾದ್ರಿ ಸಾಹೇಬರು ಬೆವೆತರು. ಅವರು ಪಾಪದ ಮನುಷ್ಯ, ಎಲ್ಲವನ್ನೂ ನಂಬಿ ಮೇಲಕ್ಕೆ ಬರೆದು ಕಳಿಸಿದ್ದರು. ಈಗ ಚರ್ಚಿನಲ್ಲಿ ಒಂದು ಹೊಸ ಮುಖವೂ ಇಲ್ಲವೆಂದರೆ ಅವರ ಮಾನ ಉಳಿಯುವಂತಿರಲಿಲ್ಲ.

"ಬರೋ ಭಾನುವಾರ ಒಬ್ಬೊಬ್ಬರೂ ಹೊರಗಿನವರು ಒಬ್ಬೊಬ್ಬರನ್ನ ಕರಕೊಂಡ ಬರ್ರಿ," ಎಂದು ಹನ್ನೊಂದು ಮಂದಿಗೂ ಒಂದೊಂದು ಚೀಟಿ ಕೊಟ್ಟರು. "ಇದರಾಗ ನಿಮ್ಮ ಅತಿಥಿ ಹೆಸರು ಬರೀರಿ. ನನ್ನ ಮರ್ಯಾದಿ ಉಳಸ್ರಪಾ."

ನಾನು ವಾರವಿಡೀ ಯೋಚಿಸಿದೆ. ಹೊರಗಿನವರು ಅಂದರೆ ನನಗೆ ಗೊತ್ತಿದ್ದವರು ಯಾರು? ಸಾಲಿಯ ಹೆಡ್ ಮಾಸ್ತರರನ್ನು ಕರೆಯಲು ಹೆದರಿಕೆ. ಬಾಜೂ ಮನೆಯವರ ಜೊತೆ ನೀರಿನ ಸಲುವಾಗಿ ಮಾತು ಬಿಟ್ಟಿದ್ದೆ. ಶನಿವಾರ ಮಧ್ಯಾಹ್ನ ಸಾಲಿಯಿಂದ ಟಾಂಗಾದಲ್ಲಿ ಬರುವಾಗ ಎದುರಿಗೇ ಉತ್ತರ ಕಂಡಿತು. ಟಾಂಗಾದ ಚಾಚಾ! ನಮ್ಮ ಓಣಿಯವರನ್ನೆಲ್ಲ ವರ್ಷಗಟ್ಟಲೆ ಹೊತ್ತು ತಿರುಗಿದವರು.

"ಚಾಚಾ, ನಾಳೆ ನಮ್ಮ ಚರ್ಚಿಗೆ ಬರ್ರಿ. ನಾ ಕರೀತೇನಿ," ಅಂದೆ.

"ನೀವೂ?" ಅಂದು ಚಾಚಾ ನಕ್ಕರು. "ಬರ್ತೇನಿ ಅಕ್ಕೋರ, ಬರಾಕಬೇಕು." ಆ ‘ನೀವೂ’ ಯಾಕೆಂದು ನಾನು ವಿಚಾರಿಸಲಿಲ್ಲ.

ಭಾನುವಾರ ಮುಂದಿನ ಎರಡು ಬೆಂಚುಗಳನ್ನು ಅತಿಥಿಗಳಿಗೆ ಬಿಟ್ಟಿದ್ದರು. ಹನ್ನೊಂದು ಜಾಗಕ್ಕೆ ಹನ್ನೊಂದು ಕರ್ಚೀಫು. ದೊಡ್ಡ ಪಾದ್ರಿಗಳು ಆ ಕರ್ಚೀಫುಗಳನ್ನು ನೋಡಿ ತೃಪ್ತಿಯಿಂದ ತಲೆದೂಗಿದರು. ಮೊದಲನೆಯ ಹಾಡು ಮುಗಿಯಿತು. ಬಾಗಿಲಲ್ಲಿ ಚಾಚಾ ಕಂಡರು. ಒಗೆದ ಜುಬ್ಬಾ, ತಲೆಗೆ ಟೋಪಿ, ಅತ್ತರಿನ ಘಮ. ನಾನು ಹೆಮ್ಮೆಯಿಂದ ಎದ್ದು ನಿಂತು, "ಬರ್ರಿ ಚಾಚಾ," ಅಂದೆ.

ನನ್ನ ಜೊತೆಗೆ ಇನ್ನೂ ಹತ್ತು ಮಂದಿ ಎದ್ದು ನಿಂತು, "ಬರ್ರಿ ಚಾಚಾ," ಅಂದರು.

ಹನ್ನೊಂದು ಮಂದಿಗೆ ಇಡೀ ಊರಿನಲ್ಲಿ ಪರಿಚಯ ಇದ್ದ ಹೊರಗಿನವರು ಅವರೊಬ್ಬರೇ.

ಚಾಚಾ ಹನ್ನೊಂದು ಕರ್ಚೀಫುಗಳನ್ನು ನೋಡಿ, ಯಾರಿಗೂ ಬೇಜಾರಾಗದಿರಲೆಂದು ನಡುವಿನದರ ಮೇಲೆ ಕೂತರು. ದೊಡ್ಡ ಪಾದ್ರಿಗಳು ಗಂಟಲು ಸರಿ ಮಾಡಿಕೊಂಡು, "ಅತಿಥಿಗಳ ಹೆಸರು?" ಎಂದು ಕೇಳಿದರು. ನಮ್ಮ ಪಾದ್ರಿ ಸಾಹೇಬರು ಏನೋ ಹೇಳಲು ಬಾಯಿ ತೆರೆದರು. "ನೀವು ಸುಮ್ಮನಿರಿ. ಕರೆದವರು ಹೇಳಲಿ," ಎಂದು ಅವರನ್ನು ತಡೆದು ದೊಡ್ಡವರು ನಮ್ಮ ಚೀಟಿಗಳನ್ನು ಇಸಿದುಕೊಂಡು ಓದಿದರು. ‘ಟಾಂಗಾದ ಚಾಚಾ.’ ‘ಟಾಂಗಾದವರು.’ ‘ಬಿಳಿ ಕುದುರೆ ಟಾಂಗಾ.’ ಒಂದರಲ್ಲೂ ಹೆಸರಿಲ್ಲ.

"ಯಾರಿಗೂ ಗೊತ್ತಿಲ್ಲವೇ?"

ಅಧ್ಯಕ್ಷ ಕೈ ಎತ್ತಿದ. "ಕುದುರಿ ಹೆಸರು ಗೊತ್ತೈತ್ರಿ. ರಾಣಿ."

ಚಾಚಾಗೆ ನಮ್ಮ ಮೇಲೆ ಕರುಣೆ ಬಂತು. ಎದ್ದು ನಿಂತರು. "ಇರಲಿ ಬಿಡ್ರಿ ಸಾಹೇಬ್ರ. ನನಗ ಇವ್ರೆಲ್ಲಾರೂ ಗೊತ್ತು. ಭಾಳ ಚಲೋ ಮಂದಿ. ಇವ್ರು ನೋಡ್ರಿ, ಅಧ್ಯಕ್ಷರು. ಹನ್ನೊಂದೂವರಿಗೆ ಆಫೀಸಿಗೆ ಹೋಗ್ತಾರ. ಅವರ ಸಾಹೇಬ್ರು ಕೇಳಿದ್ರ ಟಾಂಗಾ ಗಾಲಿ ಮುರೀತಂತಾರ. ಖರೆ ಅಂದ್ರ ನನ್ನ ಗಾಲಿ ಒಮ್ಮೆನೂ ಮುರದಿಲ್ರಿ. ಈ ನರ್ಸ್ ಬಾಯಿ ಪ್ರಾರ್ಥನಾ ಕೂಟ ಅಂತ ಮನ್ಯಾಗ ಹೇಳಿ ಟಾಕೀಸ್ ಮುಂದ ಇಳೀತಾರ. ಇನ್ನ ಈ ಅಕ್ಕೋರು," ಎಂದು ನನ್ನ ಕಡೆ ಕೈ ಮಾಡಿದರು, "ಪಾದ್ರಿ ಸಾಹೇಬ್ರು ಪ್ರಸಂಗ ಮಾಡೋದನ್ನ ನಕಲು ಮಾಡಿ ತೋರಸ್ತಾರಲ್ರಿ, ಏನ ಹೇಳ್ಲಿ, ರಾಣಿ ಸುದ್ದಾ ನಿಂತು ಕೇಳತೈತಿ."

ನಾನು ಬೆಂಚಿನ ಕೆಳಗೆ ಬಿದ್ದಿರದ ಏನನ್ನೋ ಹುಡುಕತೊಡಗಿದೆ. ಚಾಚಾ ಹೀಗೆ ಒಬ್ಬೊಬ್ಬರನ್ನೇ ಮೆಚ್ಚಿಕೊಳ್ಳುತ್ತ ಸಾಲು ಮುಗಿಸಿ, "ಇನ್ನ ನಮ್ಮ ಪಾದ್ರಿ ಸಾಹೇಬ್ರು..." ಎಂದು ವೇದಿಕೆಯ ಕಡೆ ತಿರುಗಿದರು.

ಪಾದ್ರಿ ಸಾಹೇಬರಿಗೆ ತಮ್ಮ ಯಾವ ಗುಟ್ಟು ನೆನಪಾಯಿತೋ ಏನೋ, ಕುರ್ಚಿಯಿಂದ ಜಿಗಿದೆದ್ದು, "ಎಲ್ಲಾರೂ ಕಣ್ಣು ಮುಚ್ಚಿರಿ! ಪ್ರಾರ್ಥಿಸೋಣ!" ಎಂದು ಕೂಗಿದರು. ಆ ಪ್ರಾರ್ಥನೆಯಲ್ಲಿ ನಮ್ಮ ದೇಶ, ಪರದೇಶ, ಬೆಳೆ, ಸರ್ಕಾರ ಎಲ್ಲವೂ ಬಂದು ಹೋದವು. ‘ಆಮೆನ್’ ಅನ್ನುವ ಹೊತ್ತಿಗೆ ಚಾಚಾ ಕೂತಿದ್ದರು.

ಆರಾಧನೆ ಮುಗಿದ ಮೇಲೆ ದೊಡ್ಡ ಪಾದ್ರಿಗಳನ್ನು ಸ್ಟೇಷನ್ನಿಗೆ ಕಳಿಸಬೇಕಾಗಿತ್ತು. ಚಾಚಾನ ಟಾಂಗಾನೇ. ಹತ್ತಿ ಕೂತವರು ಕುತೂಹಲ ತಡೆಯಲಾರದೆ, ನಮ್ಮ ಪಾದ್ರಿ ಸಾಹೇಬರ ಎದುರಿಗೇ ಕೇಳಿದರು: "ಇವರ ಬಗ್ಗೆ ಏನೋ ಹೇಳಲು ಹೊರಟಿದ್ದಿರಲ್ಲ, ಏನದು?"

ನಮ್ಮ ಪಾದ್ರಿ ಸಾಹೇಬರು, "ರೈಲು ತಪ್ಪತೈತ್ರಿ, ಹೊಂಡ್ರಿ," ಎಂದು ಅವಸರ ಮಾಡಿದರು.

"ಏನಿಲ್ರಿ," ಅಂದರು ಚಾಚಾ, ಲಗಾಮು ಎಳೆಯುತ್ತ. "ನನ್ನ ಹೆಣ್ತಿ ದವಾಖಾನ್ಯಾಗ ಇದ್ದಾಗ ದಿನಾ ಸಂಜಿಗೆ ಬಂದು, ಹೆಸರು ಹಿಡದು ಮಾತಾಡಿಸಿ, ಆಕಿ ಬಾಜೂ ಕುಂತು ಹೋದವರು ಈ ಊರಾಗ ಇವರೊಬ್ಬರೇ, ಅಂತ ನಾಲ್ಕು ಮಂದ್ಯಾಗ ಹೇಳೋಣಂತಿದ್ದೆ. ಅಷ್ಟರಾಗ ಪ್ರಾರ್ಥನಾ ಅಡ್ಡ ಬಂತು."