ಜರ್ಮನ್‌ನಲ್ಲಿ ನಮ್ಮ ಯಜಮಾನರ ಉದ್ಯೋಗ

ಹಿಂದೂಪುರದ ಆಸ್ಪತ್ರೆಯಲ್ಲಿ ಹನ್ನೆರಡು ವರ್ಷದಿಂದ ನಾನು ನರ್ಸು. ನಾನು ಸೂಜಿ ಎತ್ತಿದರೆ ಲೇಪಾಕ್ಷಿಯ ಪೈಲ್ವಾನರೂ ಕಣ್ಣು ಮುಚ್ಚಿ ದೇವರನ್ನು ನೆನೆಯುತ್ತಾರೆ. ಇಂಥವಳಿಗೆ ಜರ್ಮನ್ ಯಾವ ಮಹಾ ಲೆಕ್ಕ? ಆ ದೇಶಕ್ಕೆ ನರ್ಸುಗಳು ಬೇಕಂತೆ ಅಂತ ಕಿವಿಗೆ ಬಿದ್ದದ್ದೇ ತಡ, ಫೋನಿನಲ್ಲೇ ಕ್ಲಾಸಿಗೆ ಸೇರಿಬಿಟ್ಟೆ.

ಮೂರು ತಿಂಗಳಿಗೆ ಬಾಯಿಪರೀಕ್ಷೆ ಬಂತು. ವಿಷಯ: ಕೆಲಸ, ಉದ್ಯೋಗ. ಪಾಸಾದರಷ್ಟೇ ಮುಂದಿನ ಕ್ಲಾಸು. ಆ ಭಾನುವಾರ ಕಲ್ಯಾಣದುರ್ಗದ ಅತ್ತೆ ಮನೆಯಲ್ಲಿದ್ದೆ. ಒಳ್ಳೇದೇ ಆಯ್ತು, ನನ್ನ ಪಾಂಡಿತ್ಯಕ್ಕೆ ಸಾಕ್ಷಿ ಬೇಕಲ್ಲ! ಯಜಮಾನರನ್ನೂ ಅತ್ತೆಯನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿದೆ.

ಟೀಚರಮ್ಮ ಜರ್ಮನ್‌ನಲ್ಲಿ ನನ್ನ ಉದ್ಯೋಗ ಕೇಳಿದರು.

"ಇಶ್ ಬಿನ್ ಕ್ರಾಂಕೆ ಶ್ವೆಸ್ಟರ್!" ಗುಡುಗಿದೆ. ಅತ್ತೆ ಬೆಚ್ಚಿಬಿದ್ದರು.

ಟೀಚರಮ್ಮನ ಮುಖ ಸಣ್ಣಗಾಯಿತು. ಎಷ್ಟು ದಿನದಿಂದ ಅಂತ ಕೇಳಿದರು.

ಹನ್ನೆರಡು ವರ್ಷದಿಂದ ಅಂದೆ, ಎದೆಯುಬ್ಬಿಸಿ.

"ಆಖ್! ಆಸ್ಪತ್ರೆಗೆ ಹೋಗ್ತಿದ್ದೀರಾ?" ಅದೂ ಜರ್ಮನ್‌ನಲ್ಲೇ.

ಒಂದು ದಿನವೂ ತಪ್ಪಿಸಲ್ಲ ಅಂದೆ!

ಅವರು ಕನಿಕರದಿಂದ ಮಾತು ಬದಲಿಸಿ, ಗಂಡನ ಉದ್ಯೋಗ ಕೇಳಿದರು. ನಮ್ಮವರು ಕುಂದುರ್ಪಿ ಕಡೆ ಹಿಂಡುಗಟ್ಟಲೆ ಕುರಿ ಸಾಕುವವರು. ಹೆಮ್ಮೆಯಿಂದ ಅವರ ಭುಜ ತಟ್ಟಿ ಘೋಷಿಸಿದೆ: "ಮೈನ್ ಮಾನ್ ಇಸ್ಟ್ ಶಾಫ್!"

ಟೀಚರಮ್ಮ ಬಿದ್ದು ಬಿದ್ದು ನಕ್ಕರು. ಕೊನೆಗೆ ಕಣ್ಣೊರೆಸಿಕೊಂಡು ಕನ್ನಡಕ್ಕೆ ಇಳಿದರು. "ಅಮ್ಮಾ, ನರ್ಸು ಅಂದ್ರೆ ಕ್ರಾಂಕೆನ್‌ಶ್ವೆಸ್ಟರ್. ಮಧ್ಯದ 'ನ್' ನುಂಗಿಬಿಟ್ಟಿರಿ. ಹನ್ನೆರಡು ವರ್ಷದಿಂದ ನಾನು ಕಾಯಿಲೆ ಅಕ್ಕ ಅಂದ ಹಾಗಾಯ್ತು. ಕುರಿ ಸಾಕೋರು ಶೇಫರ್. ಶಾಫ್ ಅಂದ್ರೆ ಬರೀ ಕುರಿ!"

ಯಜಮಾನರು ತಿರುಗಿದರು. "ಏನಮ್ಮಿ, ಹೊಸ ಷರಟು ಹಾಕ್ಕಂಡು ಕುಂತಿದ್ರೆ ನನ್ನೇ ಕುರಿ ಮಾಡ್ಬುಟ್ಟಾ?"

"ಇರ್ಲಿ ಬುಡ್ಲಾ," ಅಂದರು ಅತ್ತೆ. "ಹೆತ್ತೋಳು ನಾನು, ಎಂದೋ ಕಂಡ್ಕಂಡೆ. ಅದ್ನ ತಿಳ್ಕಳಾಕೆ ಇವ್ಳಿಗೆ ಜರ್ಮನ್ ಬೇಕಾಯ್ತು!"

ಇಷ್ಟಕ್ಕೆಲ್ಲ ಸೋಲುವವಳೇ ನಾನು? ಪರೀಕ್ಷೆ ಮತ್ತೆ ಮೊದಲಿಂದ ಮಾಡಿ ಅಂತ ಹಟ ಹಿಡಿದೆ. ಈ ಸಲ 'ನ್' ಮೇಲೆ ನಿಂತೇಬಿಟ್ಟೆ. ಪಾಸು!

ಮರುದಿನ ಬಂದ ಫಲಿತಾಂಶವನ್ನು ವಾರ್ಡಿನಲ್ಲಿ ಹಾಸಿಗೆ ಹಾಸಿಗೆಗೂ ತೋರಿಸಿದೆ. "ಧೈರ್ಯ: ಅದ್ಭುತ" ಅಂತ ಬರೆದಿದ್ದರು.

ಕೆಳಗಿನ ಸಾಲಿನ ಮೇಲೆ ಹೆಬ್ಬೆರಳು ಇಟ್ಟಿದ್ದೆ. "ವ್ಯಾಕರಣ: ಐಸಿಯುನಲ್ಲಿದೆ."