ಹಜಾರದಲ್ಲೊಂದು ಫಿರಂಗಿ

“ಅಲ್ಲ, ಇಷ್ಟು ದೊಡ್ಡ ಫಿರಂಗಿ ಇಷ್ಟು ಸಣ್ಣ ಬಾಗಿಲಲ್ಲಿ ಒಳಗೆ ಹೋಗಿದ್ದಾದರೂ ಹೇಗೆ?”

ಸರ್ವೇಯರು ಈ ಪ್ರಶ್ನೆಯನ್ನು ಯಾರನ್ನೂ ಕೇಳಲಿಲ್ಲ. ಸೊಂಟ ಬಗ್ಗಿಸಿ, ಕೆನ್ನೆಯನ್ನು ಮೇಜಿಗೆ ತಾಗಿಸಿ, ಒಂದು ಕಣ್ಣು ಮುಚ್ಚಿ, ಮುಷ್ಟಿಯಷ್ಟು ಎತ್ತರದ ರಟ್ಟಿನ ಮನೆಯೊಳಗೆ ಇಣುಕುತ್ತ ಗಾಳಿಯನ್ನು ಕೇಳಿದರು. ಒಳಗೆ ತವರದ ಪುಟ್ಟ ಫಿರಂಗಿಯೊಂದು ಕೂತಿತ್ತು. ಅದರ ಮೂತಿ ಕಿಟಕಿಯಿಂದ ಸೇತುವೆಯ ಕಡೆಗೆ ಚಾಚಿತ್ತು. ಸೇತುವೆಯ ಮೇಲೆ ಸರ್ವೇಯರ ಮುಂಚೂಣಿಯ ಟ್ಯಾಂಕು, ಈಗಷ್ಟೇ ಏಟು ತಿಂದು, ಸತ್ತ ಜಿರಲೆಯ ಹಾಗೆ ಅಂಗಾತ ಬಿದ್ದಿತ್ತು.

ಮೇಜಿನ ಆಚೆ ನಿಂತಿದ್ದ ಕಾಂಪೌಂಡರು ಕೈಯಲ್ಲಿದ್ದ ದಾಳ ಕೆಳಗಿಟ್ಟ. ವಾರವೆಲ್ಲ ಔಷಧಿ ಅಂಗಡಿಯಲ್ಲಿ ಸೀಸೆಗಳಿಗೆ ಚೀಟಿ ಅಂಟಿಸುವ ಈ ಸಾಧು ಮನುಷ್ಯ ಭಾನುವಾರ ಮಾತ್ರ ದಂಡನಾಯಕ. ಅವನ ಮನೆಯ ಹಜಾರದ ಉದ್ದನೆಯ ಮೇಜೇ ರಣರಂಗ. ನೀಲಿ ಬಟ್ಟೆಯ ನದಿ, ಹಸಿರು ಬಟ್ಟೆಯ ಕೆಳಗೆ ಕಂಬಳಿ ಮಡಚಿಟ್ಟು ಮಾಡಿದ ಗುಡ್ಡ, ಅಂಗಡಿಯ ಖಾಲಿ ರಟ್ಟುಗಳಿಂದ ಕತ್ತರಿಸಿದ ಊರು. ದಾಳ ಹಾಕಿ, ಅಳತೆಪಟ್ಟಿ ಹಿಡಿದು, ಇವನೂ ಸರ್ವೇಯರೂ ಯುದ್ಧ ಮಾಡುತ್ತಾ ಬಂದು ಎಷ್ಟೋ ವರ್ಷಗಳಾಗಿದ್ದವು. ಗೆದ್ದವರಿಗೆ ಒಂದು ಹಿತ್ತಾಳೆ ಬಟ್ಟಲು. ಅದು ಇವತ್ತಿನವರೆಗೂ ಸರ್ವೇಯರ ಕೈ ಬಿಟ್ಟು ಹೋಗಿರಲಿಲ್ಲ. ಆಟವಿದ್ದ ದಿನ ಕೈಚೀಲದಲ್ಲಿ ಬಂದು, ಗಾಳಿ ಕುಡಿದು, ಅದೇ ಕೈಚೀಲದಲ್ಲಿ ಹಿಂದಿರುಗುತ್ತಿತ್ತು.

ಇವತ್ತು ಅದನ್ನು ಗೆಲ್ಲಲೇಬೇಕಿತ್ತು, ಅದೂ ಬೇಗ. ಏಕೆಂದರೆ ಬೆಳಗ್ಗೆ ಹೊರಡುವಾಗ ಹೆಂಡತಿ ಹೊಸ್ತಿಲ ಮೇಲೆ ನಿಂತು ಷರತ್ತು ಹೇಳಿ ಹೋಗಿದ್ದಳು.

“ನೋಡ್ರೀ, ಸಂಜೆ ಅಮ್ಮನ್ನ ಕರ್ಕೊಂಡು ಬರ್ತೀನಿ. ಇನ್ಮೇಲೆ ಅವರು ನಮ್ಮ ಜೊತೇಲೇ ಇರ್ತಾರೆ. ಬಂದ ತಕ್ಷಣ ಈ ಹಜಾರದಲ್ಲಿ ಅವರು ಕಾಲು ಚಾಚಿ ಮಲಗೋ ಹಾಗಿರ್ಬೇಕು. ಹಾಗಿದ್ರೆ ನಿಮ್ಮ ಮೇಜು ಹಿಂದಿನ ಕೋಣೇಲಿ ಬದುಕ್ಕೊಳ್ಳಲಿ, ನಾನು ಅಡ್ಡ ಬರಲ್ಲ. ಇಲ್ದಿದ್ರೆ ನಾಳೆ ಬೆಳಗ್ಗೆ ಅದು ಸೌದೆ.”

ಮಧ್ಯಾಹ್ನದೊಳಗೆ ಗೆದ್ದು, ಮೇಜನ್ನು ಹಿಂದಕ್ಕೆ ಸಾಗಿಸುವುದು ಕಾಂಪೌಂಡರ ಯೋಜನೆ. ಅದಕ್ಕಾಗಿಯೇ ಸೇತುವೆಯ ಮಗ್ಗುಲ ಮನೆಯಲ್ಲಿ ಫಿರಂಗಿ ಅಡಗಿಸಿಟ್ಟಿದ್ದ. ಆಟಕ್ಕೆ ಮೊದಲು ಒಬ್ಬರು ಹೊರಗೆ ಹೋದಾಗ ಇನ್ನೊಬ್ಬರು ಇಂಥದ್ದನ್ನು ಬಚ್ಚಿಡುವುದು ನಿಯಮದಲ್ಲೇ ಇತ್ತು.

“ಯುದ್ಧದಲ್ಲಿ ಹೀಗೇ ಇಡ್ತಿದ್ರು, ಸಾಹೇಬ್ರೇ,” ಎಂದ ಕಾಂಪೌಂಡರು. “ಬಯಲಲ್ಲಿಟ್ರೆ ಟ್ಯಾಂಕಿನವನಿಗೆ ಕಾಣುತ್ತೆ. ಮನೆಯೊಳಗಿಟ್ರೆ ಅವನಿಗೆ ಬರೀ ಕಿಟಕಿ ಕಾಣುತ್ತೆ.”

“ಇಡ್ತಿದ್ರು. ಯಾರು ಇಲ್ಲ ಅಂದ್ರು?” ಸರ್ವೇಯರು ನೆಟ್ಟಗೆ ನಿಂತು, ಪದ್ಯ ಓದುವವರು ಒಂದು ಪಾದ ಮುಗಿಸಿ ಉಸಿರೆಳೆದುಕೊಳ್ಳುವ ಹಾಗೆ ಉಸಿರೆಳೆದುಕೊಂಡರು. “ಆದ್ರೆ ಒಳಗೆ ಇಟ್ಟಮೇಲೆ ಆ ಕಡೆ ಈ ಕಡೆ ತಿರುಗಿಸೋಕೆ ಆಗಲ್ಲ. ಗುಂಡು ಹಾರಿಸಿದ್ರೆ ಹೊಗೆ ತುಂಬುತ್ತೆ, ಸೂರಿನ ಗಾರೆ ತಲೆ ಮೇಲೆ ಬೀಳುತ್ತೆ. ಹಿಂದೆ ಕೂತವನಿಗೆ ಓಡೋಕೆ ದಾರಿ ಇರಲ್ಲ. ಅದೆಲ್ಲ ಆಮೇಲಿನ ಮಾತು. ಮೊದಲು ಒಳಗೆ ಹೋಗಬೇಕಲ್ಲ? ಚಕ್ರದ ಅಚ್ಚಿನ ಅಗಲ ನಂಗೆ ಗೊತ್ತು. ಮನೆ ಬಾಗಿಲಿನ ಅಗಲ ನಿಮಗೆ ಗೊತ್ತು.”

“ಹೋಗುತ್ತೆ!”

“ಹೋಗಲ್ಲ ಅಂತ ನಾನು ಹೇಳ್ತಿಲ್ಲ. ಹೋಗುತ್ತೆ ಅಂತ ನೀವು ಹೇಳ್ತಿದ್ದೀರಿ. ಹಾಗಾದ್ರೆ, ಮಾಡಿ ತೋರಿಸಿ.”

ಈ ಮೂರು ಪದ ಕೇಳಿದ ಮೇಲೆ ಕಾಂಪೌಂಡರು ಹಿಂದೆ ಸರಿಯುವ ಹಾಗಿರಲಿಲ್ಲ. ಇವರಿಬ್ಬರ ಆಟದಲ್ಲಿ ಒಂದು ಪದ್ಧತಿ ಬೆಳೆದುಬಂದಿತ್ತು. ನಿಯಮದ ಪುಸ್ತಕದಲ್ಲಿಲ್ಲದ ವಿಷಯಕ್ಕೆ ಜಗಳ ಬಂದರೆ, ಆಗುತ್ತದೆ ಎಂದವನು ತನ್ನ ಮೈಯಿಂದ, ತನ್ನ ಮನೆಯಲ್ಲಿ, ತನ್ನ ಖರ್ಚಿನಲ್ಲಿ ಅದನ್ನು ಮಾಡಿ ತೋರಿಸಬೇಕು. ಸಿಪಾಯಿ ಮೂಟೆ ಹೊತ್ತು ಓಡಬಲ್ಲ ಎಂದು ಹಿಂದೊಮ್ಮೆ ವಾದಿಸಿದ ತಪ್ಪಿಗೆ ಕಾಂಪೌಂಡರು ಉಪ್ಪಿನ ಮೂಟೆ ಹೊತ್ತು ಬೀದಿಯ ತುದಿಯವರೆಗೂ ಓಡಿದ್ದ. ಗೆದ್ದಿದ್ದ ಕೂಡ. ಬೆನ್ನು ಮಾತ್ರ ಆ ಗೆಲುವನ್ನು ಇನ್ನೂ ಒಪ್ಪಿರಲಿಲ್ಲ.

ಫಿರಂಗಿ ಎಲ್ಲಿಂದ ತರುವುದು? ಎದುರು ಮನೆಯ ಬಡಗಿಯ ಹತ್ತಿರ ಮರ ಸಾಗಿಸುವ ಎರಡು ಚಕ್ರದ ಕೈಗಾಡಿ ಇತ್ತು. ಸರ್ವೇಯರು ಜೇಬಿನಿಂದ ಟೇಪು ತೆಗೆದು ಅದರ ಅಚ್ಚನ್ನು ಅಳೆದು, “ಫಿರಂಗಿಯ ಅಗಲಕ್ಕೆ ಹೇಳಿ ಮಾಡಿಸಿದ ಹಾಗಿದೆ,” ಎಂದರು. ಅವರ ಮುಖದಲ್ಲಿ ಸಂತೋಷ ಕಂಡಿತೆಂದು ಕಾಂಪೌಂಡರಿಗೆ ಅನ್ನಿಸಿತು. ಆದರೆ ಎದುರಾಳಿಗೆ ಸಂತೋಷವೇಕೆ ಎಂದು ಯೋಚಿಸುವಷ್ಟು ಪುರುಸೊತ್ತು ಆಗ ಅವನಿಗಿರಲಿಲ್ಲ.

“ಗಾಡಿ ಕೊಡ್ತೀನಿ ಸ್ವಾಮಿ, ಅದಕ್ಕೇನು,” ಎಂದ ಬಡಗಿ. “ಆದ್ರೆ ಯಾವಾಗ ಬಂತು ನಮ್ಮೂರಿಗೆ ಟ್ಯಾಂಕು?”

“ಬಂದಿಲ್ಲ.”

“ಮತ್ತೆ ಬರೋದಿದೆಯಾ?”

“ಇಲ್ಲ.”

“ಹಾಗಾದ್ರೆ ಸರಿ. ಮುಂಜಾಗ್ರತೆ ಒಳ್ಳೇದೇ,” ಎಂದು ಬಡಗಿ ಉಳಿ ಸುತ್ತಿಗೆಗಳ ಚೀಲ ಹೆಗಲಿಗೇರಿಸಿದ.

ಅಷ್ಟರಲ್ಲಿ ಮಹಡಿಯ ಮೇಲಿನ ಮೇಷ್ಟ್ರಮ್ಮ ಇಳಿದು ಬಂದರು. ಶಾಲೆಯಿಂದ ನಿವೃತ್ತರಾಗಿದ್ದರೂ ಸ್ವರ ಇನ್ನೂ ನೌಕರಿಯಲ್ಲೇ ಇತ್ತು.

“ಏನ್ರೀ ಕಾಂಪೌಂಡರ್, ಇದೇನು ಸಂತೆ?”

ವಿಷಯ ತಿಳಿದ ಮೇಲೆ ಅವರು ಕನ್ನಡಕ ಏರಿಸಿಕೊಂಡು ಗಾಡಿಯನ್ನು ಪರೀಕ್ಷಿಸಿದರು. “ಇದಕ್ಕೆ ಕೊಳವೆ ಎಲ್ಲಿ? ಕೊಳವೆಯಿಲ್ಲದ ಫಿರಂಗಿ ನಾನೆಲ್ಲೂ ಓದಿಲ್ಲ. ನಮ್ಮ ಗೋಡೆಯ ಮಳೆನೀರಿನ ಪೈಪು ಕಳಚಿಕೊಂಡಿದೆ, ತಗೊಳ್ಳಿ. ನಾಳೆ ವಾಪಸ್ ಸಿಕ್ಕಿಸಿ ಕೊಡ್ಬೇಕು, ಗೊತ್ತಾಯ್ತಾ?”

ಪೈಪನ್ನು ಹಗ್ಗದಿಂದ ಗಾಡಿಗೆ ಬಿಗಿದದ್ದಾಯಿತು. ಸರ್ವೇಯರು ಗಂಟಲು ಸರಿಪಡಿಸಿಕೊಂಡು, “ತೂಕ?” ಎಂದರು. ಮರಳಿನ ಮೂಟೆಗಳನ್ನು ಹೇರಿದ್ದಾಯಿತು. ಕೊನೆಗೆ ಆ ವಸ್ತು ಹೊಟ್ಟೆ ತುಂಬಿದ ಎಮ್ಮೆಯ ಹಾಗೆ ಬಾಗಿಲ ಮುಂದೆ ನಿಂತಿತು. ಬೀದಿಯವರೆಲ್ಲ ಸೇರಿದರು. ತಳ್ಳುವವರಿಗಿಂತ ತಳ್ಳುವುದು ಹೇಗೆಂದು ಹೇಳುವವರೇ ಹೆಚ್ಚಾಗಿದ್ದರು.

“ಐಸಾ!” ಎಂದರು ಮೇಷ್ಟ್ರಮ್ಮ.

ಎರಡು ಚಕ್ರಗಳೂ ಎರಡು ಕಡೆಯ ಚೌಕಟ್ಟಿಗೆ ಏಕಕಾಲಕ್ಕೆ ಬಡಿದವು. ಮನೆ ಸಣ್ಣದಾಗಿ ನಡುಗಿತು. ಒಳಗಿನ ಗೂಡಿನಿಂದ ಏನೋ ಬಿದ್ದು ಒಡೆದ ಸದ್ದಾಯಿತು. ಅದು ಹೆಂಡತಿಯ ಹೂದಾನಿಯಲ್ಲದಿರಲಿ ಎಂದು ಕಾಂಪೌಂಡರು ಮನಸ್ಸಿನಲ್ಲೇ ಬೇಡಿಕೊಂಡ. ಅದು ಹೂದಾನಿಯೇ ಆಗಿತ್ತು.

“ಚಕ್ರ ಬಿಚ್ಚಿಬಿಡೋಣ್ವಾ?” ಎಂದ ಅವನು.

“ಬಿಚ್ಚಬಹುದು. ಆದ್ರೆ ಶತ್ರು ಸೇತುವೆ ಹತ್ರ ಬಂದಿದಾನೆ, ನಿಮಗೆ ಅಷ್ಟು ಸಮಯ ಇಲ್ಲ,” ಎಂದರು ಸರ್ವೇಯರು. “ಯುದ್ಧದಲ್ಲಾದ್ರೆ ಗೋಡೆ ಒಡೀತಿದ್ರು.”

“ಗೋಡೆ ಬೇಡ!” ಕಾಂಪೌಂಡರ ಧ್ವನಿ ಕೀರಲಾಯಿತು.

ಬಡಗಿ ಚೌಕಟ್ಟನ್ನು ಬೆರಳ ಗೆಣ್ಣಿನಿಂದ ಕುಟ್ಟಿ, ರೋಗಿಯ ಬೆನ್ನು ಪರೀಕ್ಷಿಸುವ ವೈದ್ಯನ ಗಾಂಭೀರ್ಯದಿಂದ ಹೇಳಿದ: “ಗೋಡೆ ಯಾಕೆ ಸ್ವಾಮಿ? ಚೌಕಟ್ಟು ಬಿಚ್ಚಿದ್ರೆ ಎರಡೂ ಕಡೆ ನಾಲ್ಕು ನಾಲ್ಕು ಬೆರಳು ಜಾಗ ಸಿಗುತ್ತೆ.”

ಬಾಗಿಲು ಬಿಚ್ಚಿದ್ದಾಯಿತು. ಚೌಕಟ್ಟು ಗಾರೆಯೊಂದಿಗೆ ಕಿತ್ತು ಬಂತು. ಮತ್ತೊಂದು “ಐಸಾ!” ಕೇಳಿಬಂತು. ಫಿರಂಗಿ ಎರಡೂ ಕಡೆಯ ಸುಣ್ಣ ಕೆರೆದುಕೊಂಡು, ಮೇಜನ್ನು ಕೂದಲೆಳೆಯಷ್ಟರಲ್ಲಿ ತಪ್ಪಿಸಿಕೊಂಡು, ಹಜಾರದ ನಡುವೆ ಬಂದು ಕೂತಿತು. ಪೈಪಿನ ತುದಿ ಕಿಟಕಿಯಿಂದ ಆಚೆ ಇಣುಕಿತು. ಬೀದಿಯವರು ಚಪ್ಪಾಳೆ ತಟ್ಟಿದರು.

ಕಾಂಪೌಂಡರಿಗೆ ಮೈಮೇಲಿನ ಪರಿವೆ ಉಳಿಯಲಿಲ್ಲ. ಮರಳಿನ ಮೂಟೆಯ ಹಿಂದೆ ಮಂಡಿಯೂರಿ, ಪೈಪಿನೊಳಗಿಂದ ಬೀದಿಯನ್ನು ನೋಡಿದ. ಹಾಲಿನ ಅಂಗಡಿ, ದೀಪದ ಕಂಬ, ಮೂಲೆಯ ತಿರುವು ಎಲ್ಲ ಒಂದು ದುಂಡನೆಯ ಚಿತ್ರದೊಳಗೆ ಶಾಂತವಾಗಿ ಕೂತಿದ್ದವು. ಯಾರು ಬಂದರೂ ಈ ತಿರುವಿನಲ್ಲೇ ಬರಬೇಕು. ಬಂದವರಿಗೆ ಕಾಣುವುದು ಬರೀ ಕಿಟಕಿ. ಅವನು ಆ ಸುಖದಲ್ಲಿ ಮುಳುಗಿದ್ದಾಗ ಬೆನ್ನ ಹಿಂದೆ ಟಕ್ ಟಕ್ ಎಂಬ ಸದ್ದು, ಗಾರೆ ಕರಣೆಯ ಸದ್ದು ಎಲ್ಲ ಆಗುತ್ತಿದ್ದವು. ಬಡಗಿ ಸಾಮಾನು ಎತ್ತಿಡುತ್ತಿದ್ದಾನೆಂದು ತಿಳಿದು ತಿರುಗಿ ನೋಡಲಿಲ್ಲ.

“ಆಯ್ತು ಸ್ವಾಮಿ,” ಎಂದ ಬಡಗಿ, ಕೈ ಒರೆಸಿಕೊಳ್ಳುತ್ತ. “ಚೌಕಟ್ಟು ಮೊದಲಿನ ಹಾಗೇ ಕೂರಿಸಿದೀನಿ. ಬಿಚ್ಚಿದ್ದನ್ನ ಬಿಚ್ಚಿದ ಹಾಗೇ ಬಿಟ್ಟು ಹೋಗೋ ಮನುಷ್ಯ ನಾನಲ್ಲ. ಸಿಮೆಂಟು ಹಸಿ ಇದೆ. ಒಂದು ವಾರ ಯಾರೂ ಅಲ್ಲಾಡಿಸಬಾರದು.”

ಕಾಂಪೌಂಡರು ಚೌಕಟ್ಟು ನೋಡಿದ. ಫಿರಂಗಿ ನೋಡಿದ. ಮತ್ತೆ ಚೌಕಟ್ಟು ನೋಡಿದ.

“ಅಯ್ಯಾ, ಗಾಡಿ ಇನ್ನೂ ಒಳಗಿದೆಯಲ್ಲಯ್ಯಾ!”

ಬಡಗಿ ಗಾಡಿಯನ್ನೊಮ್ಮೆ ನೋಡಿದ. “ಹೌದಲ್ವಾ!” ಎಂದ. ಆಮೇಲೆ ಔದಾರ್ಯದಿಂದ, “ಪರವಾಗಿಲ್ಲ, ಈ ವಾರ ನಂಗೂ ಗಾಡಿ ಕೆಲಸ ಇಲ್ಲ,” ಎಂದು ಹೊರಟುಹೋದ. ನೆರೆದವರೂ ಕರಗಿದರು. ಮೇಷ್ಟ್ರಮ್ಮ ಮೆಟ್ಟಿಲ ಮೇಲಿಂದ, “ಪೈಪು ಮರೀಬೇಡಿ!” ಎಂದರು.

ಇರಲಿ, ಗೆದ್ದದ್ದಂತೂ ಗೆದ್ದೆ ಎಂದುಕೊಂಡ ಕಾಂಪೌಂಡರು. “ಈಗೇನಂತೀರಿ ಸಾಹೇಬ್ರೇ?”

“ಒಪ್ಪಿದೆ. ಫಿರಂಗಿ ಮನೆಯೊಳಗೆ ಹೋಗುತ್ತೆ. ಇನ್ನು ಇದರ ಮೇಲೆ ತಕರಾರಿಲ್ಲ, ನಿಮ್ಮದೂ ಇಲ್ಲ, ನನ್ನದೂ ಇಲ್ಲ. ಸರಿ ತಾನೇ?”

“ಸರಿ!”

ಕಾಂಪೌಂಡರು ಉತ್ಸಾಹದಿಂದ ತನ್ನ ಟ್ಯಾಂಕುಗಳನ್ನೆಲ್ಲ ಸಾಲಾಗಿ ಸೇತುವೆ ದಾಟಿಸಿ, ರಟ್ಟಿನ ಊರಿನ ಚೌಕಕ್ಕೆ ತಂದು ನಿಲ್ಲಿಸಿದ. ಆಗ ಸರ್ವೇಯರು, ಮಾತ್ರೆಯ ಡಬ್ಬಿಯ ಮುಚ್ಚಳ ತೆಗೆಯುವ ಹಾಗೆ ಮೆಲ್ಲಗೆ, ಚೌಕದ ಸುತ್ತಲಿನ ಮೂರು ಮನೆಗಳ ಮಾಡು ಎತ್ತಿದರು. ಮೂರರಲ್ಲೂ ಒಂದೊಂದು ಫಿರಂಗಿ ಕೂತಿತ್ತು.

“ಇವು... ಇವು ಯಾವಾಗ ಇಟ್ರಿ?”

“ಬೆಳಗ್ಗೇನೇ. ನೀವು ಚಹಾ ತರೋಕೆ ಒಳಗೆ ಹೋದಾಗ.”

“ಮತ್ತೆ ಹೋಗಲ್ಲ ಅಂತ ತಕರಾರು ತೆಗೆದ್ರಿ?”

“ಹೋಗಲ್ಲ ಅಂತ ನಾನೆಲ್ಲಿ ಅಂದೆ? ಹೇಗೆ ಹೋಯಿತು ಅಂತ ಕೇಳಿದೆ, ಅಷ್ಟೇ. ಮೊದಲು ನಾನು ಹಾರಿಸಿದ್ರೆ ನೀವು ಒಪ್ತಿದ್ರಾ? ಮಾಡಿ ತೋರಿಸಿ ಅಂತಿದ್ರಿ. ಆಗ ನನ್ನ ಮನೇಲಿ ಮಾಡಬೇಕಾಗ್ತಿತ್ತು.” ಸರ್ವೇಯರು ದಾಳವನ್ನು ಅಂಗೈಯಲ್ಲಿ ಕುಲುಕಿದರು. “ನಮ್ಮನೆ ಬಾಗಿಲು ಹೊಸದು ನೋಡಿ.”

ದಾಳ ಉರುಳಿತು. ಕಾಂಪೌಂಡರ ಟ್ಯಾಂಕುಗಳು ಒಂದಾದ ಮೇಲೊಂದರಂತೆ ಮಗುಚಿಕೊಂಡವು. ಹಿತ್ತಾಳೆ ಬಟ್ಟಲು ಎಂದಿನಂತೆ ಗಾಳಿ ಕುಡಿದು ಕೈಚೀಲ ಸೇರಿತು. ಸರ್ವೇಯರು ಫಿರಂಗಿಗೂ ಗೋಡೆಗೂ ನಡುವೆ ಹೊಟ್ಟೆ ಎಳೆದುಕೊಂಡು ನುಸುಳಿ, ಹಸಿ ಸಿಮೆಂಟಿಗೆ ತಾಗದಂತೆ ಎಚ್ಚರದಿಂದ ಹೊರಬಿದ್ದು ಹೋದರು.

ಉಳಿದದ್ದು ಹೋದರೆ ಹೋಗಲಿ, ಮೇಜಾದರೂ ಉಳಿಯಲಿ ಎಂದು ಕಾಂಪೌಂಡರು ಅದನ್ನು ಹಿಂದಿನ ಕೋಣೆಗೆ ಎಳೆಯಲು ನೋಡಿದ. ಫಿರಂಗಿಯ ಚಕ್ರ ಅಡ್ಡ ಇತ್ತು. ಚಕ್ರ ಸರಿಸಲು ನೋಡಿದ. ಮೇಜು ಅಡ್ಡ ಇತ್ತು. ಕಿಟಕಿಯಾಚೆ, ಪೈಪು ಗುರಿಯಿಟ್ಟಿದ್ದ ಆ ತಿರುವಿನಲ್ಲೇ, ಅವನ ಹೆಂಡತಿಯೂ ಗಂಟು ಹೊತ್ತ ಅತ್ತೆಯೂ ಬರುತ್ತಿದ್ದರು. ಫಿರಂಗಿಯ ಹಿಂದೆ ಕೂತವನಿಗೆ ಓಡುವ ದಾರಿಯಿಲ್ಲ ಎಂದು ಸರ್ವೇಯರು ಹೇಳಿದ್ದು ಅವನಿಗೆ ಆಗ ಪೂರ್ತಿ ಅರ್ಥವಾಯಿತು.

ಹೆಂಡತಿ ಒಳಗೆ ನುಸುಳಿದವಳೇ ಸುತ್ತ ನೋಡಿದಳು. ಸುಣ್ಣ ಕೆರೆದ ಗೋಡೆ, ಒಡೆದ ಹೂದಾನಿ, ಮರಳಿನ ಮೂಟೆ, ಕೊನೆಯದಾಗಿ ಗಂಡ. ಅಲ್ಲಿಂದ ಅವಳ ಕಣ್ಣು ಮೇಜಿಗೆ ಹೊರಳಿತು.

“ನಾಳೆ ಬೆಳಗ್ಗೆ,” ಎಂದಳು ಕೊನೆಗೆ, “ಈ ಮೇಜು...”

“ಸುಮ್ನಿರೇ,” ಎಂದರು ಅತ್ತೆ.

ಅವರು ಹಜಾರದ ನಡುವೆ ನಿಂತು ಆ ವಸ್ತುವನ್ನು, ಬಹಳ ದಿನದ ಮೇಲೆ ಕಂಡ ನೆಂಟನನ್ನು ನೋಡುವ ಹಾಗೆ ನೋಡುತ್ತಿದ್ದರು.

“ಫಿರಂಗಿ ಅಲ್ವೇನಪ್ಪಾ ಇದು?”

“ಹೌದು ಅತ್ತೆಯವರೇ!” ಕಾಂಪೌಂಡರಿಗೆ ಜೀವ ಬಂದಂತಾಯಿತು. “ನಿಮಗೆ ಹೇಗೆ ಗೊತ್ತಾಯ್ತು?”

“ಕಿಟಕಿಗೆ ಮೂತಿ ಇಟ್ಟಿದೆಯಲ್ಲ. ಆಗ ನಾವು ಗಡಿ ಹತ್ರದ ಊರಲ್ಲಿದ್ವಿ. ಯುದ್ಧದಲ್ಲಿ ನಮ್ಮನೆಗೂ ಒಂದು ತಂದಿದ್ರು, ನಾನು ಚಿಕ್ಕ ಹುಡುಗಿ. ಬಾಗಿಲಲ್ಲಿ ಹಿಡಿಸಲಿಲ್ಲ, ಹಿಂದಿನ ಗೋಡೆ ಒಡೆದು ತಂದ್ರು. ನಾನು ಮಲಗೋ ಕೋಣೆ ಅದು. ಅಧಿಕಾರಿ ತುಂಬಾ ಮರ್ಯಾದಸ್ಥ. ಟೋಪಿ ತೆಗೆದು ಕೈಯಲ್ಲಿ ಹಿಡ್ಕೊಂಡು, ಎರಡೇ ದಿನ ಕಣಮ್ಮಾ, ಬಿಟ್ಟುಕೊಡ್ತೀಯಾ ಅಂತ ನನ್ನೇ ಕೇಳಿದ. ಹ್ಞೂಂ ಅಂದೆ. ಒಂದೇ ಗುಂಡು ಹಾರಿಸಿದ್ದು ಅವರು. ಟ್ಯಾಂಕಿಗೆ ಏನಾಯ್ತೋ ಯಾರಿಗೂ ಗೊತ್ತಿಲ್ಲ. ನಮ್ಮ ಸೂರು ಬಿತ್ತು. ಆ ಕೋಣೇಲಿ ನಾನು ಮತ್ತೆ ಮಲಗಲೇ ಇಲ್ಲ.”

ಇಷ್ಟು ಹೇಳಿ ಅವರು ಗಂಟಿನಲ್ಲಿದ್ದ ಒದ್ದೆ ಟವೆಲನ್ನು ಕೊಡವಿ ಪೈಪಿನ ಮೇಲೆ ಹರವಿದರು. ಆಮೇಲೆ ಮೇಜನ್ನು ತಟ್ಟಿ ನೋಡಿದರು. ಮಗಳ ಭುಜ ಹಿಡಿದು ಸ್ಟೂಲಿನ ಮೇಲೆ, ಅಲ್ಲಿಂದ ಮೇಜಿನ ಮೇಲೆ ಹತ್ತಿದರು. ಊರನ್ನು ಒಂದು ಕೈಯಿಂದ ಬದಿಗೆ ಸರಿಸಿದರು. ನದಿಯನ್ನು ಎಳೆದು ಹೊದ್ದುಕೊಂಡರು. ಕಾಂಪೌಂಡರು ಎಷ್ಟೋ ಭಾನುವಾರ ಪ್ರಾಣ ಒತ್ತೆಯಿಟ್ಟು ಕಾಪಾಡಿದ್ದ ಗುಡ್ಡದ ಮೇಲೆ ತಲೆಯಿಟ್ಟು, ಸೇತುವೆಯಾಚೆಗೂ ಕಾಲು ಚಾಚಿದರು.

“ಹದವಾಗಿದೆ,” ಎಂದರು.

ಕಾಂಪೌಂಡರ ಕಣ್ಣು ಮಿನುಗಿತು. ಹಜಾರದಲ್ಲಿ ಅತ್ತೆ ಕಾಲು ಚಾಚಿ ಮಲಗಿದ್ದಾರೆ! ಷರತ್ತು ಈಡೇರಿದೆ! ಅವನು ಹೆಂಡತಿಯ ಕಡೆ ನೋಡಿದ. ಅವಳಿಗೂ ಅದು ಹೊಳೆದಿರಬೇಕು, ಒಡೆದ ಹೂದಾನಿಯ ಚೂರು ಆಯುತ್ತ, “ಸರಿ, ಸೌದೆ ಮಾಡಲ್ಲ. ಆದ್ರೆ ಇನ್ಮೇಲೆ ಅದು ಅಮ್ಮನ ಮಂಚ, ಅವರನ್ನೇ ಕೇಳ್ಕೊಳ್ಳಿ,” ಎಂದಳು.

ಕಾಂಪೌಂಡರು ಮೇಜಿನ ಹತ್ತಿರ ಬಂದ. ಧೂಳಿಗೆಂದು ತಲೆಗೆ ಕಟ್ಟಿದ್ದ ಬಟ್ಟೆಯನ್ನು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ.

“ಅತ್ತೆಯವರೇ, ಭಾನುವಾರ ಮಾತ್ರ... ಮಧ್ಯಾಹ್ನದ ಹೊತ್ತು, ಒಂದೆರಡು ಗಂಟೆ ಅಷ್ಟೇ... ಈ ಮೇಜು ಬಿಟ್ಟುಕೊಡ್ತೀರಾ?”

ಅತ್ತೆ ಒಂದು ಕಣ್ಣು ತೆರೆದು, ಅವನ ಕೈಯಲ್ಲಿದ್ದ ಬಟ್ಟೆಯನ್ನೂ ಬಾಗಿದ ತಲೆಯನ್ನೂ ಸಾವಕಾಶವಾಗಿ ನೋಡಿದರು.

“ಆ ಅಧಿಕಾರಿನೂ ಹೀಗೇ ಮೆತ್ತಗೆ ಕೇಳಿದ್ದ,” ಎಂದು ನದಿಯನ್ನು ಕುತ್ತಿಗೆಯವರೆಗೂ ಎಳೆದುಕೊಂಡರು. “ಬಿಟ್ಟುಕೊಡಲ್ಲ.”