ಬಳೆಗಾರಮ್ಮ ಆರಿಸಿದ ಕಂಬ

ಡಾಕ್ಟರಾದ ನನಗೆ ಬುದ್ಧಿ ಹೇಳದೆ ಕುರ್ಚಿಯಿಂದ ಇಳಿದ ರೋಗಿಯನ್ನು ನಮ್ಮ ಕೊಟ್ಟೂರಿನ ಹಲ್ಲಿನ ಆಸ್ಪತ್ರೆಯಲ್ಲಿ ನಾನಿನ್ನೂ ಕಂಡಿಲ್ಲ. ಊರಿಗೆ ಮೊಬೈಲು ಹೊಸದಾಗಿ ಬಂದಿದ್ದ ಕಾಲದಲ್ಲಿ ಬಂದ ಬಳೆಗಾರಮ್ಮನಂತೂ ನನಗೆ ಗುರುವೇ ಆಗಿಬಿಟ್ಟರು.

೧. ಸೆರಗು

ಅಮ್ಮನ ಮೇಲಿನ ಸಾಲಿನ ಮುಂದಿನ ಹಲ್ಲೊಂದು ಬಿದ್ದಿತ್ತು. ಬೇರೆಯವರಾದರೆ ಸೆರಗು ಅಡ್ಡ ಹಿಡಿದು ಮಾತಾಡಬಹುದು. ಬಳೆ ತೊಡಿಸಲು ಎರಡೂ ಕೈ ಬೇಕಲ್ಲ! ನಾಚಿಕೆಗೆ ಬಾಯಿ ಮುಚ್ಚಿಕೊಂಡೇ ಬಳೆ ಏರಿಸತೊಡಗಿದರು. ಹೆಂಗಸರು ಚೀರತೊಡಗಿದರು. ಅಮ್ಮ ನನ್ನಲ್ಲಿಗೆ ಬಂದರು.

"ಮಾತಿನ್ಯಾಗ ಮರಸಿ ಬಳಿ ಏರಿಸ್ತಿದ್ದೆರಿ. ಈಗ ಮಾತಿಲ್ಲ, ಎಲ್ಲಾರಿಗೂ ನೋವು ಗೊತ್ತಾಗಾಕತ್ತೈತಿ. ಬ್ಯಾಸಿಗ್ಯಾಗ ಮೊಮ್ಮಗಳ ಮದುವಿ. ಆಕಿಗೆ ನಾನ ಬಳಿ ಇಡಸಬೇಕು. ಮದುಮಗಳು ಅತ್ತರ ಹೆಂಗ್ರಿ? ಹಲ್ಲು ಹಾಕ್ರಿ, ಇಲ್ಲಂದ್ರ ಇನ್ನೊಂದು ಕೈ ಹಾಕ್ರಿ!"

೨. ಬಿಗಿ

ದವಡೆಯ ಎಲುಬಿಗೆ ಸ್ಕ್ರೂ ಕೂರಿಸಿ, ಅದು ಎಲುಬಿಗೆ ಬೆಸೆದುಕೊಂಡ ಮೇಲೆ ಅಬಟ್‌ಮೆಂಟ್ ಎಂಬ ಪುಟ್ಟ ಕಂಬ ನಿಲ್ಲಿಸಬೇಕು. ಹೊಸ ಹಲ್ಲು ಕೂರುವುದು ಆ ಕಂಬದ ಮೇಲೆ. ವಸಡು ಅಪ್ಪಿಕೊಳ್ಳುವುದು ಅದರ ಕುತ್ತಿಗೆಯನ್ನು. ನನ್ನ ಬಳಿ ಅಂಥ ಕಂಬ ಎರಡಿದ್ದವು. ಒಂದರ ಕುತ್ತಿಗೆ ದಪ್ಪ, ಇನ್ನೊಂದರದು ಸಣ್ಣ. ಅಮ್ಮ ಎರಡನ್ನೂ ಬೆರಳಲ್ಲಿ ತಿರುಗಿಸಿ ನೋಡಿ, ಸಣ್ಣದನ್ನು ನನ್ನ ಮುಂದೆ ಹಿಡಿದರು.

"ಇದನ್ನ ಹಾಕ್ರಿ. ಅದು ಬಿಗಿ ಆಗ್ತೈತಿ. ಬಿಗಿ ಆದ್ರ ಮಾಂಸ ಹಿಂದಕ ಸರೀತೈತಿ."

"ಅಮ್ಮಾ, ಇದು ಕೈ ಅಲ್ಲ, ಬಾಯಿ" ಎಂದು ನಕ್ಕು ದಪ್ಪದ್ದನ್ನೇ ಹಾಕಿದೆ.

ಕೆಲವೇ ವಾರಗಳಲ್ಲಿ ವಸಡು ಕೆಂಪಾಗಿ ಮೇಲಕ್ಕೆ ಸರಿಯಿತು. ಎಕ್ಸ್‌ರೇಯಲ್ಲಿ ಎಲುಬಿನ ಅಂಚೂ ಕೊಂಚ ಸವೆದಿತ್ತು. ಮದುವೆ ಹತ್ತಿರ ಬಂದಿತ್ತು. ತಪ್ಪೊಪ್ಪಿಕೊಂಡೆ. ಅಮ್ಮ ನನ್ನ ಭುಜ ತಟ್ಟಿದರು.

"ಇರ್ಲಿ ಬಿಡ್ರಿ ಡಾಕ್ಟ್ರೆ. ಕಲಿಯೋವಾಗ ನಾನೂ ಬಾಳ ಬಳಿ ಒಡದೀನಿ."

೩. ಮಾತು

ದಪ್ಪದ್ದನ್ನು ತೆಗೆದು ಸಣ್ಣ ಕುತ್ತಿಗೆಯದನ್ನು ಹಾಕಿ, ಅದರ ಮೇಲೆ ಹೊಸ ಹಲ್ಲು ಕೂರಿಸಿದೆ. ಸಿಕ್ಕ ಜಾಗದಲ್ಲಿ ವಸಡು ತುಂಬಿಕೊಂಡು ಬಂತು, ಎಲುಬೂ ಮತ್ತೆ ಸವೆಯಲಿಲ್ಲ. ಹಡಗಲಿಯಲ್ಲಿ ನಡೆದ ಮೊಮ್ಮಗಳ ಮದುವೆಯಲ್ಲಿ ಅಮ್ಮ ಬಾಯ್ತುಂಬ ಹರಟಿದರು. ಮೊಮ್ಮಗಳು ನಕ್ಕು ಮುಗಿಸುವಷ್ಟರಲ್ಲಿ ಎರಡೂ ಕೈಗೆ ಹಸಿರು ಬಳೆ ಏರಿದ್ದವು. ದೂರದಲ್ಲಿ ಕೂತು ನೋಡುತ್ತಿದ್ದ ನನ್ನ ಕಣ್ಣೂ ತೇವವಾಯಿತು.

ಆದರೆ ಅಮ್ಮ ಆ ಮದುವೆಯಲ್ಲಿ ಹರಟಿದ್ದು ಏನನ್ನು ಅಂತ ಗೊತ್ತಾದದ್ದು ಮುಂದಿನ ವಾರ. ಆ ಮದುವೆಗೆ ಬಂದಿದ್ದ ಬಾಗಳಿಯ ಗೌಡರೊಬ್ಬರು ಹುಳುಕು ಹಲ್ಲು ಕೀಳಿಸಿ ಹೊಸದು ಹಾಕಿಸಿಕೊಳ್ಳಲು ಬಂದು, ಬಾಯಿಯನ್ನೇ ತೆರೆಯಲೊಲ್ಲರು.

"ಮೊದ್ಲು ಬಳಿಗಾರಮ್ಮನ್ನ ಕರಸ್ರಿ. ಸೈಜು ಆಕಿ ನೋಡ್ಲಿ, ಆಮ್ಯಾಲ ನೀವು ಕೈ ಹಾಕ್ರಿ."

ಕರೆಸಿದೆ, ಇನ್ನೇನು ಮಾಡಲಿ! ಅಮ್ಮ ಪಕ್ಕದಲ್ಲಿ ಕೂತು, ಗೌಡರ ಮೀಸೆಯಿಂದ ಹಿಡಿದು ಅವರ ಎತ್ತುಗಳವರೆಗೆ ವಿಚಾರಿಸಿದರು. ನಡುವೆ ನಾನು ಇಂಜೆಕ್ಷನ್ ಕೊಟ್ಟು ಹಲ್ಲು ಕಿತ್ತು ಹತ್ತಿ ಇಟ್ಟೆ. ಅರ್ಧ ಗಂಟೆಯ ಮೇಲೆ ಗೌಡರು ಹತ್ತಿ ಕಚ್ಚಿಕೊಂಡೇ ನನ್ನತ್ತ ತಿರುಗಿ ಗದರಿದರು:

"ಏನ್ರಿ ಡಾಕ್ಟ್ರೆ, ಸುಮ್ಮನ ನಿಂತೀರಲ್ಲ? ಅಮ್ಮ ಬಂದು ಎಷ್ಟೊತ್ತಾತು, ಇನ್ನ ಶುರು ಮಾಡ್ರಿ!"